ಫೋಟೊಗೆಂದು ತಂದ ಮಾಲಿನೋಯಿಸ್ ನಾಯಿ ಈಗ ಮನೆಯವರನ್ನೇ ಕಚ್ಚಿದೆ: ಮುಂದೇನು?

ಪ್ರಶ್ನೆ: ಹಾಸನದ ಅಕ್ಕ

ಎಲ್ಲರಿಗೂ ನಮಸ್ಕಾರ. ನಾಯಿ ಸಾಕಿದ ಅನುಭವ ನನಗಿಲ್ಲ. ಮಾತಿನಲ್ಲಿ ತಪ್ಪಿದ್ದರೆ ತಿದ್ದಬೇಕೆಂದು ಮೊದಲೇ ಕೋರುತ್ತೇನೆ.

ನನ್ನ ತಮ್ಮ ಹಾಸನದ ಹೊರವಲಯದ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿದ್ದಾನೆ. ನಿವೇಶನ ಕೊಡಿಸುವ, ಮಾರಿಸುವ ವ್ಯವಹಾರ ಅವನದು. ಗೃಹಪ್ರವೇಶವಾಗಿ ತಿಂಗಳು ತುಂಬುವ ಮೊದಲೇ ಬೆಂಗಳೂರಿನಿಂದ ಒಂದು ಬೆಲ್ಜಿಯನ್ ಮಾಲಿನೋಯಿಸ್ ಮರಿಯನ್ನು ತಂದ. ಇದೇ ತಳಿ ಏಕೆ ಎಂದು ಕೇಳಿದ್ದಕ್ಕೆ, 2011ರಲ್ಲಿ ಬಿನ್ ಲಾಡೆನ್ ಅಡಗಿದ್ದ ಮನೆಗೆ ನುಗ್ಗಿದ ಅಮೆರಿಕದ ಪಡೆಯ ಜೊತೆಗಿದ್ದದ್ದು ಇದೇ ಜಾತಿಯ ನಾಯಿ ಎಂದು ಹೇಳಿದ. ಅದರ ಹೊರತು ಬೇರೆ ಕಾರಣವನ್ನು ಅವನ ಬಾಯಿಂದ ನಾನು ಇವತ್ತಿನವರೆಗೆ ಕೇಳಿಲ್ಲ. ಮರಿಗೆ ಕಮಾಂಡೊ ಎಂದು ಹೆಸರಿಟ್ಟ. ಮೊದಲ ಎರಡು ತಿಂಗಳು ಕಾರಿನ ಬಾನೆಟ್ಟಿನ ಮೇಲೆ, ಗೇಟಿನ ಮುಂದೆ, ಹೊಸ ಬಡಾವಣೆಯ ಫಲಕದ ಪಕ್ಕದಲ್ಲಿ, ಎಲ್ಲೆಲ್ಲಿಯೂ ಕಮಾಂಡೊನ ಫೋಟೊಗಳೇ.

ಮರಿ ದೊಡ್ಡದಾದಂತೆ ಸೋಫಾ ಹರಿಯಿತು, ಕಾಂಪೌಂಡ್ ಹಾರಿತು, ಸೈಕಲ್ ತುಳಿಯುತ್ತಿದ್ದ ತಮ್ಮನ ಆರು ವರ್ಷದ ಮಗಳ ಹಿಮ್ಮಡಿಗೆ ಬಾಯಿ ಹಾಕಿತು. ಆಗಿನಿಂದ ಅದನ್ನು ಪೋರ್ಟಿಕೊದ ಕಂಬಕ್ಕೆ ಕಟ್ಟಿದ್ದಾರೆ. ಈಗ ಅದಕ್ಕೆ 14 ತಿಂಗಳು. ಸರಪಳಿ ಎಷ್ಟು ದೂರ ಎಟುಕುತ್ತದೋ ಅಷ್ಟು ದೂರಕ್ಕೆ ಅಂಗಳದ ಹುಲ್ಲೆಲ್ಲ ಸವೆದು, ನೆಲದ ಮೇಲೆ ಕೈವಾರದಿಂದ ಎಳೆದಂತೆ ಒಂದು ಅರ್ಧಚಂದ್ರ ಬೋಳಾಗಿದೆ. ತುಳಸಿಕಟ್ಟೆ ಆ ಗೆರೆಯ ಒಳಗೆ ಬರುವುದರಿಂದ ನಮ್ಮ ತಾಯಿ ಪ್ರದಕ್ಷಿಣೆ ಹಾಕುವುದನ್ನು ಬಿಟ್ಟು, ಬಾಗಿಲಲ್ಲೇ ನಿಂತು ಕೈಮುಗಿಯುತ್ತಾರೆ. ಮನೆಗೆಲಸದವಳು ಬರುವುದಿಲ್ಲವೆಂದು ಹೇಳಿಬಿಟ್ಟಳು. ಹಾಲಿನವನು ಪ್ಯಾಕೆಟ್ಟುಗಳನ್ನು ಗೇಟಿಗೆ ಸಿಕ್ಕಿಸಿ, ಬೆಲ್ ಕೂಡ ಒತ್ತದೆ ಹೊರಟುಹೋಗುತ್ತಾನೆ.

ಕಳೆದ ವಾರ ತಾಯಿ ಅದಕ್ಕೆ ಮೊಸರನ್ನ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತಟ್ಟೆ ತೆಗೆಯಲು ಬಗ್ಗಿದಾಗ ಮುಂಗೈಯನ್ನು ಕಚ್ಚಿತು. ಎರಡು ಹಲ್ಲುಗಳು ಆಳವಾಗಿ ಇಳಿದಿವೆ. ಇಂಜೆಕ್ಷನ್ನುಗಳು ನಡೆಯುತ್ತಿವೆ. ತಮ್ಮ ಅಂದು ಸಂಜೆ ಬಂದವನು ನಾಯಿಗೆ ಬೆಲ್ಟಿನಿಂದ ಹೊಡೆದ, ಆಮೇಲೆ ತಾಯಿಗೆ, "ಊಟದ ತಟ್ಟೆ ನೀವು ಮುಟ್ಟಿದ್ದೇ ತಪ್ಪು" ಎಂದ. ಈಗ ಇದನ್ನು ಸಕಲೇಶಪುರದ ಗೆಳೆಯನ ಕಾಫಿ ತೋಟಕ್ಕೆ ಬಿಟ್ಟು, ಇದಕ್ಕಿಂತ ಗಂಭೀರವಾಗಿ ಕಾಣುವ ಕೇನ್ ಕೋರ್ಸೊ ಎಂಬ ತಳಿಯ ನಾಯಿ ತರುವ ಮಾತಾಡುತ್ತಿದ್ದಾನೆ. ಈ ನಾಯಿಯನ್ನು ಸರಿಪಡಿಸಲು ಸಾಧ್ಯವೇ? ತೋಟಕ್ಕೆ ಬಿಡುವುದು ಸರಿಯೇ? ತಮ್ಮನಿಗೆ ಹೇಗೆ ತಿಳಿಹೇಳಬೇಕು? ಅವನು ಕೆಟ್ಟವನಲ್ಲ, ಆದರೆ ಅಕ್ಕನ ಮಾತಿಗಿಂತ ಹೊರಗಿನವರ ಮಾತಿಗೆ ಬೆಲೆ ಕೊಡುವವನು.

ಉತ್ತರ 1: ಶ್ವಾನದಳದ ನಿವೃತ್ತ

ಅಮ್ಮಾ, ಪೊಲೀಸ್ ಶ್ವಾನದಳದಲ್ಲಿ ಹತ್ತೊಂಬತ್ತು ವರ್ಷ ಹ್ಯಾಂಡ್ಲರ್ ಆಗಿದ್ದವನು ನಾನು. ನಿಮ್ಮ ಪತ್ರ ಓದಿ ಸಿಟ್ಟು ಬಂತು, ಆದರೆ ಆ ಸಿಟ್ಟು ನಾಯಿಯ ಮೇಲಲ್ಲ.

ಮಾಲಿನೋಯಿಸ್ ಮೂಲತಃ ಬೆಲ್ಜಿಯಂನಲ್ಲಿ ಕುರಿ ಕಾಯುತ್ತಿದ್ದ ನಾಯಿ; ಅಲ್ಲಿನ ಮೆಕೆಲೆನ್ ಎಂಬ ಊರಿನ ಫ್ರೆಂಚ್ ಹೆಸರೇ ಅದಕ್ಕೆ ಬಂದಿದೆ. ಸೈಕಲ್ ಮೇಲೆ ಹೋಗುವ ಮಗುವಿನ ಹಿಮ್ಮಡಿಗೆ ಬಾಯಿ ಹಾಕಿದ್ದು ದ್ವೇಷದಿಂದಲ್ಲ. ಚದರಿ ಓಡುವುದನ್ನು ತಡೆದು ತಿರುಗಿಸುವುದು ಅದರ ರಕ್ತದಲ್ಲಿರುವ ಕಸುಬು. ತಡೆಯಲು ಕುರಿ ಸಿಗದಿದ್ದರೆ ಸೈಕಲ್ ಸಿಗುತ್ತದೆ. ಬೆಂಗಳೂರಿನ ಹೊರಗೆ ತರಳು ಎಂಬಲ್ಲಿ ಸಿಆರ್‌ಪಿಎಫ್‌ನವರ ಶ್ವಾನ ತಳಿ ಮತ್ತು ತರಬೇತಿ ಶಾಲೆ ಇದೆ. ಅಂಥ ಕಡೆಗಳಲ್ಲಿ ಈ ತಳಿಯನ್ನು ಹೇಗೆ ಬೆಳೆಸುತ್ತಾರೆಂದು ನಿಮ್ಮ ತಮ್ಮ ಒಂದು ದಿನ ನೋಡಿದ್ದರೆ, ಫೋಟೊದಲ್ಲಿ ಕಾಣುವ ನಾಯಿಗೂ ಅದರ ಹಿಂದಿನ ದುಡಿಮೆಗೂ ಎಷ್ಟು ಅಂತರವಿದೆ ಎಂದು ತಿಳಿಯುತ್ತಿತ್ತು.

ನಾವು "ಡ್ರೈವ್" ಎಂದು ಕರೆಯುವುದನ್ನು ಜನ ಉಗ್ರತೆ ಎಂದುಕೊಳ್ಳುತ್ತಾರೆ. ಡ್ರೈವ್ ಎಂದರೆ ಕೋಪವಲ್ಲ, ಹಟ. ನನ್ನ ಬಳಿ ಇದ್ದ ನಾಯಿಯೊಂದರ ಚೆಂಡನ್ನು ಒಮ್ಮೆ ಲಂಟಾನದ ಪೊದೆಗೆ ಎಸೆದೆ. ಚೆಂಡು ಎಲ್ಲೋ ಪೊಟರೆಗೆ ಬಿದ್ದಿತ್ತು. ಕಾಲು ಗಂಟೆಯಾದರೂ ಅದು ಹುಡುಕುವುದನ್ನು ಬಿಡಲಿಲ್ಲ. ಮೂಗು ತರಚಿ ರಕ್ತ ಬರುತ್ತಿತ್ತು, ಬಾಲ ಮಾತ್ರ ಆಡುತ್ತಲೇ ಇತ್ತು. ಕೊನೆಗೆ ನಾನೇ ಪೊದೆಯೊಳಗೆ ನುಗ್ಗಿ ಚೆಂಡು ತೆಗೆದುಕೊಡಬೇಕಾಯಿತು. ಸ್ಫೋಟಕ ಹುಡುಕುವ ಕೆಲಸಕ್ಕೆ ಬೇಕಾಗುವುದು ಈ ಹಟವೇ. ಅದೇ ಹಟವನ್ನು ಹತ್ತು ಅಡಿ ಸರಪಳಿಯಲ್ಲಿ ಕಟ್ಟಿಹಾಕಿದರೆ ಅದು ಮಾಯವಾಗುವುದಿಲ್ಲ, ಇರುವುದರ ಮೇಲೆ ತಿರುಗುತ್ತದೆ. ನಿಮ್ಮ ಅಂಗಳದ ಬೋಳು ಅರ್ಧಚಂದ್ರವನ್ನು ನಾನು ಹಾಗೆಯೇ ಓದುತ್ತೇನೆ.

ಹಾಲಿನವನ ವಿಷಯವನ್ನೂ ಗಮನಿಸಿ. ಅವನು ದಿನವೂ ಬರುತ್ತಾನೆ, ನಾಯಿ ಬೊಗಳುತ್ತದೆ, ಅವನು ಹೋಗುತ್ತಾನೆ. ಅವನು ಹೇಗೂ ಹೋಗುವವನೇ ಎಂಬುದು ನಾಯಿಗೆ ಗೊತ್ತಿಲ್ಲ; ತಾನು ಓಡಿಸಿದ್ದರಿಂದಲೇ ಹೋದ ಎಂದು ಅದು ಲೆಕ್ಕ ಹಾಕುತ್ತದೆ, ಮತ್ತು ಆ ಲೆಕ್ಕ ದಿನಕ್ಕೊಮ್ಮೆ ಸರಿಯಾಗುತ್ತ ಬರುತ್ತದೆ. ಒಂದು ವರ್ಷದಲ್ಲಿ ಮುನ್ನೂರೈವತ್ತು ಸಲ ಗೆದ್ದ ನಾಯಿ ಅದು. ತಟ್ಟೆಯ ಪ್ರಸಂಗವೂ ಹೀಗೆಯೇ. ಇಡೀ ದಿನ ಕಂಬ, ಸರಪಳಿ ಮತ್ತು ತಟ್ಟೆಯಿಷ್ಟೇ ಅದರ ಲೋಕವಾಗಿದ್ದಾಗ, ಆ ತಟ್ಟೆಗೆ ಕೈ ಹಾಕಿದವರು ಯಾರೇ ಆದರೂ ಅದಕ್ಕೆ ಕಳ್ಳರಂತೆ ಕಾಣುತ್ತಾರೆ. ತಾಯಿಯವರದು ತಪ್ಪಲ್ಲ. ಬೆಲ್ಟಿನಿಂದ ಹೊಡೆದದ್ದು ಮಾತ್ರ ನಿಜವಾದ ತಪ್ಪು, ಏಕೆಂದರೆ ಕಚ್ಚಿದ ಎಷ್ಟೋ ಹೊತ್ತಿನ ಮೇಲೆ ಬಿದ್ದ ಪೆಟ್ಟಿನಿಂದ ನಾಯಿ ಕಲಿಯುವುದು ಒಂದನ್ನೇ: ಸಂಜೆ ಮನೆಗೆ ಬರುವ ಮನುಷ್ಯ ಅಪಾಯಕಾರಿ.

ಸರಿಪಡಿಸಬಹುದೇ ಎಂದರೆ, ಬಹುಮಟ್ಟಿಗೆ ಹದಕ್ಕೆ ತರಬಹುದು; ಅದಕ್ಕೆ ತೆರಬೇಕಾದ ಬೆಲೆ ಹಣಕ್ಕಿಂತ ಹೆಚ್ಚಾಗಿ ಹೊತ್ತು. ಮೊದಲು ಸರಪಳಿ ತೆಗೆಸಿ, ಹಿತ್ತಿಲಲ್ಲಿ ನೆರಳಿರುವ ಕಡೆ ಕಬ್ಬಿಣದ ಜಾಲರಿಯ ಆವರಣ ಮಾಡಿಸಿ. ಅದಕ್ಕೆ ಒಂದರ ಹಿಂದೆ ಒಂದು ಎರಡು ಬಾಗಿಲಿರಲಿ. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ರಸ್ತೆ ಅದರ ಕಣ್ಣಿಗೆ ಬೀಳದಂತಿರಲಿ. ಊಟದ ತಟ್ಟೆಯನ್ನೇ ಕೆಲವು ವಾರ ರದ್ದುಮಾಡಿ, ಅದರ ಪಾಲಿನ ಆಹಾರವನ್ನು ಹುಲ್ಲಿನಲ್ಲಿ ಚೆಲ್ಲಿ ಮೂಗಿನಿಂದ ಹುಡುಕಿ ತಿನ್ನಲು ಬಿಡಿ. ಓಡಿಸಿದಂತೆಯೇ ಹೀಗೆ ಹುಡುಕಿಸುವುದೂ ನಾಯಿಯನ್ನು ಚೆನ್ನಾಗಿ ದಣಿಸುತ್ತದೆ. ಬೆಳಗ್ಗೆ, ಸಂಜೆ ಮುಕ್ಕಾಲು ಗಂಟೆಯಂತೆ ಉದ್ದನೆಯ ಹಗ್ಗ ಹಾಕಿ ಜನ ಕಡಿಮೆ ಇರುವ ಬಯಲಿಗೆ ಕರೆದುಕೊಂಡು ಹೋಗಬೇಕು, ಮತ್ತು ಹೋಗಬೇಕಾದವನು ನಿಮ್ಮ ತಮ್ಮ, ಡ್ರೈವರ್ ಅಲ್ಲ.

ಹೊರಗೆ ಕರೆದೊಯ್ಯುವಾಗ ಮಜಲ್ ಬೇಕೇ ಬೇಕು. ಕಣದಲ್ಲಿ ಎತ್ತುಗಳ ಬಾಯಿಗೆ ಹಾಕುತ್ತಿದ್ದ ಕುಕ್ಕೆ ನೆನಪಿದೆಯಲ್ಲ, ಅದೇ ಆಕಾರದ ಬುಟ್ಟಿ ಮಜಲ್ ತರಬೇಕು. ಬಾಯಿಯನ್ನು ಬಿಗಿದು ಕಟ್ಟುವ ಬಟ್ಟೆಯ ಪಟ್ಟಿಯನ್ನಲ್ಲ. ನಾಯಿ ಬಾಯಿ ತೆರೆದು ಏದುಸಿರು ಬಿಡಲಾಗದಿದ್ದರೆ ನಮ್ಮ ಬಿಸಿಲಿಗೆ ಕುಸಿದುಬೀಳುತ್ತದೆ. ಬುಟ್ಟಿಯ ತಳಕ್ಕೆ ಒಂದು ಚಮಚ ಮೊಸರನ್ನ ಸವರಿ, ಅದಾಗಿಯೇ ಮೂತಿ ತೂರಿಸುವವರೆಗೆ ಕಾಯಿರಿ. ಪಟ್ಟಿ ಬಿಗಿಯುವ ಆತುರ ಎರಡು ವಾರದವರೆಗೆ ಬೇಡ.

"ಗಾರ್ಡ್ ಟ್ರೇನಿಂಗ್" ಕೊಡಿಸುತ್ತೇನೆಂದು ತೋಳಿಗೆ ದಪ್ಪ ಪಟ್ಟಿ ಸುತ್ತಿಕೊಂಡು ನಾಯಿಯನ್ನು ರೇಗಿಸುವ ಜನ ಈಗ ಎಲ್ಲ ಊರಿನಲ್ಲಿಯೂ ಇದ್ದಾರೆ. ದಳದಲ್ಲಿ ಕಚ್ಚುವುದನ್ನು ಕಲಿಸುವುದಕ್ಕಿಂತ ಬಿಡುವುದನ್ನು ಕಲಿಸಲು ಹೆಚ್ಚು ದಿನ ಹಿಡಿಯುತ್ತಿತ್ತು. ಇವರು ಮೊದಲನೆಯದನ್ನು ಮಾತ್ರ ಕಲಿಸಿ ಹಣ ಎಣಿಸಿಕೊಳ್ಳುತ್ತಾರೆ. ಬ್ರೇಕ್ ಇಲ್ಲದ ಲಾರಿಗೆ ಇನ್ನೊಂದು ಗೇರ್ ಕೂಡಿಸಿದಂತೆ ಅದು. ಅವರ ಬಾಗಿಲಿಗೆ ಹೋಗಬೇಡಿ.

ತೋಟದ ಮಾತು ಬಂದಿದ್ದರಿಂದ ಹೇಳುತ್ತೇನೆ. ಸಕಲೇಶಪುರದ ಕಡೆ ಕಟ್ಟಿದ ನಾಯಿ ಎಂದರೆ ಚಿರತೆಗೆ ಸುಲಭದ ತುತ್ತು; ಬಿಟ್ಟ ನಾಯಿಯಾದರೆ ಕರು, ಕೋಳಿ, ಕೊನೆಗೆ ಕೂಲಿಗೆ ಬರುವ ಹೆಂಗಸರ ಹಿಂದೆ ಓಡುತ್ತದೆ. ನಿಮ್ಮ ಮನೆಯ ತೊಂದರೆಯನ್ನು ಅವರ ಮನೆಗೆ ಸಾಗಿಸಿದಂತಾಗುತ್ತದೆ, ಅಷ್ಟೇ.

ಉತ್ತರ 2: ಮೈಸೂರಿನ ರಾಟ್‌ವೀಲರ್ ಮನೆ

ಮೇಲಿನ ಹಿರಿಯರ ಮಾತಿಗೆ ನನ್ನದೇನೂ ತಕರಾರಿಲ್ಲ. ಆದರೆ ಇಂಥ ಚರ್ಚೆಗಳು ಬಹುಬೇಗ "ಈ ತಳಿಗಳನ್ನೇ ನಿಷೇಧಿಸಬೇಕು" ಎಂಬಲ್ಲಿಗೆ ಹೋಗಿ ನಿಲ್ಲುವುದರಿಂದ, ಹದಿನಾಲ್ಕು ವರ್ಷಗಳಿಂದ ರಾಟ್‌ವೀಲರ್ ಸಾಕುತ್ತಿರುವವನಾಗಿ ಒಂದು ಮಾತು ಸೇರಿಸುತ್ತೇನೆ.

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೋರ್ಸೊ ಮುಂತಾದ 23 ಬಗೆಯ ನಾಯಿಗಳ ಆಮದು, ಮಾರಾಟ ಮತ್ತು ಸಾಕಣೆಯನ್ನು ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರ ಮಾತನ್ನು ಕೇಳದೆ ಹೊರಡಿಸಲಾಗಿದೆ ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್ 10ರಂದು ಅದನ್ನು ರದ್ದುಮಾಡಿ, ಬೇಕಾದರೆ ಕ್ರಮಬದ್ಧವಾಗಿ ಹೊಸದಾಗಿ ಮಾಡಬಹುದು ಎಂದಿತು. ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಆ ಪಟ್ಟಿಯಲ್ಲಿ ಮಾಲಿನೋಯಿಸ್ ಇರಲೇ ಇಲ್ಲ. ಬ್ರಿಟನ್ನಿನಲ್ಲಿ 1991ರ ಕಾಯಿದೆ ಪಿಟ್‌ಬುಲ್ ಸೇರಿ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತು. ಮುಂದೆ ಎಕ್ಸ್‌ಎಲ್ ಬುಲ್ಲಿ ಎಂಬ ಇನ್ನೂ ದೊಡ್ಡ ಗಾತ್ರದ ನಾಯಿ ಜನಪ್ರಿಯವಾಗಿ, ಸಾವುಗಳಾದ ಮೇಲೆ, ಅದನ್ನೂ ಸೇರಿಸಬೇಕಾಯಿತು; 2024ರ ಫೆಬ್ರವರಿಯಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿನಾಯಿತಿ ಪತ್ರವಿಲ್ಲದೆ ಅದನ್ನು ಸಾಕುವುದು ಅಪರಾಧ. ನೋಟಕ್ಕಾಗಿ ನಾಯಿ ಕೊಳ್ಳುವವನು ಪಟ್ಟಿಯಲ್ಲಿಲ್ಲದ ಮುಂದಿನ ನಾಯಿಯನ್ನು ಹುಡುಕಿಕೊಳ್ಳುತ್ತಾನೆ. ಅಕ್ಕನ ತಮ್ಮ ಈಗ ಮುಂದಿನ ನಾಯಿಯ ಮಾತಾಡುತ್ತಿರುವುದೂ ನೋಟಕ್ಕಾಗಿಯೇ.

ಹಾಗೆಂದು "ನಾಯಿಯದೇನೂ ಇಲ್ಲ, ಎಲ್ಲ ಸಾಕುವವರ ಕೈಯಲ್ಲಿದೆ" ಎಂಬ ಮಾತನ್ನು ನಾನು ಈಗ ಮೊದಲಿನ ಧೈರ್ಯದಿಂದ ಹೇಳುವುದಿಲ್ಲ. ನನ್ನ ಮೊದಲ ರಾಟ್‌ವೀಲರ್, 48 ಕಿಲೊ ತೂಗುತ್ತಿದ್ದ ಅತ್ಯಂತ ಸಾಧು ಪ್ರಾಣಿ, ಒಂದು ಸಂಜೆ ಕುವೆಂಪುನಗರದ ನಮ್ಮ ಬೀದಿಯಲ್ಲಿ ಬೆಕ್ಕೊಂದನ್ನು ಕಂಡು ಎಳೆದ ರಭಸಕ್ಕೆ ನಾನು ಮೊಣಕಾಲೂರಿ ಬಿದ್ದೆ, ಹಗ್ಗ ಕೈಯಿಂದ ಜಾರಿತು. ಎದುರಿಗೆ ಮೊಮ್ಮಗುವಿನ ಕೈ ಹಿಡಿದುಕೊಂಡು ಬರುತ್ತಿದ್ದ ವೃದ್ಧರೊಬ್ಬರು ಗೋಡೆಗೆ ಆತುಕೊಂಡು ನಿಂತ ರೀತಿಯನ್ನು ನಾನು ಮರೆತಿಲ್ಲ. ಏನೂ ಆಗಲಿಲ್ಲ ಎಂಬುದು ನನ್ನ ಸಾಮರ್ಥ್ಯದಿಂದಲ್ಲ, ಬೆಕ್ಕು ಎಡಕ್ಕೆ ತಿರುಗಿದ್ದರಿಂದ. ಪೊಮೆರೇನಿಯನ್ ಕೂಡ ಕಚ್ಚುತ್ತದೆ, ಬಹುಶಃ ಹೆಚ್ಚೇ ಕಚ್ಚುತ್ತದೆ; ಆದರೆ ಅದು ತಪ್ಪಿದಾಗ ಬ್ಯಾಂಡೇಜ್ ಸಾಕು, ಇದು ತಪ್ಪಿದಾಗ ಆಪರೇಷನ್ ಥಿಯೇಟರ್ ಬೇಕು. 2022ರ ಜುಲೈಯಲ್ಲಿ ಲಖನೌದಲ್ಲಿ 82 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರನ್ನು ಮನೆಯ ಪಿಟ್‌ಬುಲ್ಲೇ ಕೊಂದಿತು. ಆ ಮನೆಯಲ್ಲಿಯೂ ನಾಯಿ ಮಗನದಾಗಿತ್ತು. ಅಕ್ಕನ ಪತ್ರ ಓದುವಾಗ ನನಗೆ ಮೊದಲು ನೆನಪಾದದ್ದು ಅದೇ. ನಾಯಿಯನ್ನು ಆರಿಸಿಕೊಂಡವನು ಹಗಲೆಲ್ಲ ಹೊರಗಿರುತ್ತಾನೆ. ಆರಿಸದವರು ಅದರ ಜೊತೆ ಮನೆಯಲ್ಲಿರುತ್ತಾರೆ.

ಉತ್ತರ 3: ಊರೂರು ಸುತ್ತಿದ ಪಶುವೈದ್ಯೆ

ಮೊದಲು ತಾಯಿಯವರ ಗಾಯ. ನಾಯಿ ಕಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಹಲ್ಲು ಆಳಕ್ಕಿಳಿದು ರಕ್ತ ಬಂದಿರುವ ಗಾಯಕ್ಕೆ ರೇಬೀಸ್ ಲಸಿಕೆಯ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಚುಚ್ಚುಮದ್ದೂ ಬೇಕಾಗುತ್ತದೆ. ಅದನ್ನು ಕೊಟ್ಟಿದ್ದಾರೆಯೇ ಎಂದು ಇಂದೇ ವೈದ್ಯರನ್ನು ಕೇಳಿ. "ಮನೆಯ ನಾಯಿ, ಅದಕ್ಕೆ ಲಸಿಕೆ ಹಾಕಿಸಿದೆ" ಎಂದು ಉಳಿದ ಡೋಸುಗಳನ್ನು ತಪ್ಪಿಸಬೇಡಿ.

ಎರಡನೆಯದು, ನಾಯಿಯನ್ನು ಒಮ್ಮೆ ತಪಾಸಣೆ ಮಾಡಿಸಿ. ಕಿವಿಯ ಸೋಂಕು, ಹಲ್ಲಿನ ಬೇನೆ, ಸೊಂಟದ ಕೀಲಿನ ದೋಷ, ಇವುಗಳಲ್ಲಿ ಯಾವುದಿದ್ದರೂ ನಾಯಿ ಹತ್ತಿರ ಬಂದವರ ಮೇಲೆ ಹಾಯುತ್ತದೆ. ಬೀಜ ತೆಗೆಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಭರವಸೆಯನ್ನು ಯಾರಾದರೂ ಕೊಟ್ಟರೆ ಪೂರ್ತಿ ನಂಬಬೇಡಿ. ಹೆದರಿಕೆಯಿಂದ ಕಚ್ಚುವ ನಾಯಿಗೆ ಆ ಶಸ್ತ್ರಚಿಕಿತ್ಸೆ ಮದ್ದಲ್ಲ.

ಇನ್ನು ನನ್ನ ಅಳಲು. ಕೆಲವು ವರ್ಷಗಳಿಂದ ಚಿಕಿತ್ಸಾಲಯಕ್ಕೆ ಬರುವ ಯುವಕರ ಮಾತು ಒಂದೇ ಧಾಟಿಯದು: "ಡಾಕ್ಟ್ರೇ, ಸ್ವಲ್ಪ ಖಡಕ್ಕಾಗಿ ಕಾಣೋ ಹಾಗೆ ಕಿವಿ ಕತ್ತರಿಸಿಕೊಡಿ." ನಾನು ಒಲ್ಲೆನೆಂದರೆ ಬೇರೆಲ್ಲೋ ಮಾಡಿಸಿಕೊಂಡು, ಕೀವು ತುಂಬಿದ ಮೇಲೆ ನನ್ನ ಬಳಿಗೇ ತರುತ್ತಾರೆ. ಆ ನೋವಿನ ಮಾತು ಹಾಗಿರಲಿ. ಕಿವಿ ನಾಯಿಯ ನಾಲಗೆ ಇದ್ದಂತೆ. ಹೆದರಿದಾಗ ಅದು ಕಿವಿಯನ್ನು ಹಿಂದಕ್ಕೆ ಮಡಚುತ್ತದೆ, ಅನುಮಾನ ಬಂದಾಗ ಪಕ್ಕಕ್ಕೆ ಇಳಿಸುತ್ತದೆ. ಕತ್ತರಿಸಿ ನೆಟ್ಟಗೆ ನಿಲ್ಲಿಸಿದ ಕಿವಿ ಯಾವಾಗಲೂ ಒಂದನ್ನೇ ಹೇಳುತ್ತದೆ, ಎದುರಿನ ನಾಯಿಗೂ ಮನುಷ್ಯನಿಗೂ ಅದರ ನಿಜವಾದ ಮನಸ್ಸು ತಿಳಿಯುವುದಿಲ್ಲ. ಗುರುಗುಟ್ಟಿದ್ದಕ್ಕೆ ಹೊಡೆಯುವುದೂ ಇದರ ಅಣ್ಣನೇ. ನಾಯಿ ಕಚ್ಚುವ ಮೊದಲು ತುಟಿ ನೆಕ್ಕುತ್ತದೆ, ಮುಖ ತಿರುಗಿಸಿ ಕಣ್ಣಂಚಿನ ಬಿಳುಪು ಕಾಣುವಂತೆ ನೋಡುತ್ತದೆ, ಮೈ ಬಿಗಿದು ಸ್ತಬ್ಧವಾಗುತ್ತದೆ, ಆಮೇಲೆ ಗುರುಗುಟ್ಟುತ್ತದೆ. ಗುರುಗುಟ್ಟಿದಾಗಲೆಲ್ಲ ಪೆಟ್ಟು ತಿಂದ ನಾಯಿ ಆ ಮೆಟ್ಟಿಲನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ. ಅಂಥದನ್ನು ಕಂಡೇ ಜನ "ಯಾವ ಮುನ್ಸೂಚನೆಯೂ ಇಲ್ಲದೆ ಕಚ್ಚಿತು" ಎನ್ನುತ್ತಾರೆ. ಸೂಚನೆ ಇತ್ತು, ಹೊಡೆದು ಅಳಿಸಿದ್ದಾರೆ.

ಮರಿಯನ್ನು ಎಷ್ಟು ದಿನಕ್ಕೆ ತಂದಿರಿ ಎಂದು ನಾನು ಎಲ್ಲರನ್ನೂ ಕೇಳುತ್ತೇನೆ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮಾರುವವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ನನ್ನ ಮೇಜಿನ ಮೇಲೆ ಬರುವ ಮರಿಗಳಲ್ಲಿ ಎಷ್ಟೋ ಮರಿಗಳಿಗೆ ನಲವತ್ತು ದಿನವೂ ಆಗಿರುವುದಿಲ್ಲ. ಕಚ್ಚಿದರೆ ಎಷ್ಟು ನೋವಾಗುತ್ತದೆ ಎಂಬ ಪಾಠವನ್ನು ಮರಿ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಆಡುವಾಗ; ಬೇಗ ಬೇರ್ಪಡಿಸಿದರೆ ಆ ಪಾಠವೇ ತಪ್ಪಿಹೋಗುತ್ತದೆ. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿ ಏನನ್ನೆಲ್ಲ ಹೆದರದೆ ನೋಡುತ್ತದೆಯೋ ಅದೆಲ್ಲ ಅದಕ್ಕೆ ಜೀವನವಿಡೀ ಮಾಮೂಲಿಯಾಗುತ್ತದೆ: ಕುಕ್ಕರಿನ ಸೀಟಿ, ಛತ್ರಿ ಹಿಡಿದವರು, ಹೆಲ್ಮೆಟ್ ಹಾಕಿದವರು, ಮಕ್ಕಳ ಕೇಕೆ. ಆ ದಿನಗಳು ಕಮಾಂಡೊನ ಪಾಲಿಗೆ ಕ್ಯಾಮೆರಾದ ಮುಂದೆಯೇ ಕಳೆದುಹೋದವು ಎಂದು ಕಾಣುತ್ತದೆ. ಈಗ ಕಲಿಸಬಹುದು, ಆದರೆ ಹತ್ತು ಪಟ್ಟು ನಿಧಾನವಾಗಿ. ಅಲ್ಲಿಯವರೆಗೆ ತಮ್ಮನ ಮಗಳನ್ನು ಅದರೊಂದಿಗೆ ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು. ಫೋಟೊಗಾಗಿ ಅದನ್ನು ತಬ್ಬಿಕೊಳ್ಳಲಂತೂ ಬಿಡಲೇಬಾರದು.

ಉತ್ತರ 4: ಬಾಗಲಕೋಟೆಯವನು

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ವಿದೇಶಿ ತಳಿಗಳ ಹುಚ್ಚಿನ ಬಗ್ಗೆ ಮಾತು ಬಂದಾಗಲೆಲ್ಲ "ನಮ್ಮ ಮುಧೋಳ ನಾಯಿಯನ್ನು ಸಾಕಿರಿ" ಎಂಬ ಸಲಹೆ ಬರುತ್ತದೆ. ಅದು ಬರುವ ಮೊದಲೇ ತಡೆಯುತ್ತೇನೆ. ಮುಧೋಳದ ಘೋರ್ಪಡೆ ಅರಸರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟ ನಾಯಿ, ಅಂಚೆಚೀಟಿಯ ಮೇಲೆ ಬಂದ ನಾಯಿ, ಸೈನ್ಯದವರು ಮೀರತ್ತಿಗೆ ಒಯ್ದು ತರಬೇತಿ ಕೊಟ್ಟ ನಾಯಿ ಎಂಬುದೆಲ್ಲ ನಿಜ, ನಮಗೆ ಹೆಮ್ಮೆಯೂ ಇದೆ. ಆದರೆ ಅದು ಕಣ್ಣಿಗೆ ಬಿದ್ದ ಮೊಲದ ಬೆನ್ನು ಹತ್ತಿ ಎರೆಹೊಲದಲ್ಲಿ ಬಿಟ್ಟ ಬಾಣದಂತೆ ಓಡಲು ಹುಟ್ಟಿದ ಪ್ರಾಣಿ, ಅಪರಿಚಿತರು ಮೈಮುಟ್ಟುವುದನ್ನು ಸಹಿಸದ ಪ್ರಾಣಿ. ಹೆಸರು ಪತ್ರಿಕೆಗಳಲ್ಲಿ ಬಂದ ಮೇಲೆ ಪಟ್ಟಣದವರು ಮರಿಗಾಗಿ ಹುಡುಕಿಕೊಂಡು ಬಂದರು; ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಕಟ್ಟಿ, ವರ್ಷದೊಳಗೆ ಫೋನ್ ಮಾಡಿ "ವಾಪಸ್ ತಗೋತೀರೇನ್ರೀ" ಎಂದು ನನ್ನನ್ನೇ ಕೇಳಿದವರಿದ್ದಾರೆ. ತೆಗೆದುಕೊಂಡಿದ್ದೇನೆ. ಬಂದ ನಾಯಿಯ ಕಾಲಿನ ಕಂಡ ಕರಗಿ, ಉಗುರು ಕೊಕ್ಕೆಯಾಗಿ ಬೆಳೆದಿತ್ತು. ನಾಡತಳಿಯ ಅಭಿಮಾನವೂ ಫೋಟೊಕ್ಕೇ ನಿಂತರೆ ನಾಯಿಯ ಪಾಲಿಗೆ ಏನೂ ವ್ಯತ್ಯಾಸವಿಲ್ಲ. ಯಾರಿಗಾದರೂ ನಿಜವಾಗಿ ಆಸಕ್ತಿಯಿದ್ದರೆ, ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮೊದಲು ಅಲ್ಲಿಗೆ ಹೋಗಿ ನಾಯಿಗಳು ಓಡುವುದನ್ನು ನೋಡಿ, ಆಮೇಲೆ ನಿಮ್ಮ ಅಂಗಳವನ್ನು ಅಳೆಯಿರಿ.

ಉತ್ತರ 5: ಧಾರವಾಡದ ವಕೀಲ

ತಮ್ಮ ಹೊರಗಿನವರ ಮಾತಿಗೆ ಬೆಲೆ ಕೊಡುವವರಾದರೆ ಕಾನೂನಿನ ಮಾತನ್ನು ಅವರ ಮುಂದಿಡಿ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಸಂಭವನೀಯ ಅಪಾಯವಿದ್ದಾಗ, ತಿಳಿದೋ ಉದಾಸೀನದಿಂದಲೋ ಸಾಕಷ್ಟು ಎಚ್ಚರಿಕೆ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಂ ಆರು ತಿಂಗಳವರೆಗೆ ಸೆರೆವಾಸ, ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಯಾರಿಗಾದರೂ ಗಾಯವಾಗಲೇಬೇಕೆಂದು ಕಲಂ ಹೇಳುವುದಿಲ್ಲ. ಎಚ್ಚರ ತಪ್ಪಿದ್ದೇ ಅಪರಾಧ. ಒಮ್ಮೆ ಕಚ್ಚಿದ ಮೇಲಂತೂ "ನನಗೆ ಗೊತ್ತಿರಲಿಲ್ಲ" ಎನ್ನಲು ಅವಕಾಶವೇ ಉಳಿಯುವುದಿಲ್ಲ. ನಾಳೆ ಹಾಲಿನವನಿಗೋ ಪಕ್ಕದ ಮನೆಯ ಮಗುವಿಗೋ ಹೀಗಾದರೆ ಪರಿಹಾರಕ್ಕಾಗಿ ಸಿವಿಲ್ ದಾವೆಯೂ ಬರಬಹುದು.

ಇನ್ನೊಂದು ಕಡೆಯಿಂದಲೂ ನೋಡಬೇಕು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ, 1960ರ 11ನೆಯ ಕಲಮಿನಲ್ಲಿ, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದನ್ನು ನಾಯಿಯ ಹೆಸರು ಹಿಡಿದೇ ಅಪರಾಧವೆಂದು ಹೇಳಿದೆ. ಸಾಕಿದ ಪ್ರಾಣಿಯನ್ನು ಹಸಿವು, ನೀರಡಿಕೆಗೆ ಸಿಕ್ಕುವಂತೆ ಕೈಬಿಡುವುದೂ ಅಪರಾಧವೇ. ಮೊದಲ ಸಲದ ದಂಡ ಎಷ್ಟೆಂದು ಕೇಳಿದರೆ ನಗಬೇಡಿ: ಹತ್ತು ರೂಪಾಯಿಗೆ ಕಡಿಮೆಯಿಲ್ಲದಂತೆ, ಐವತ್ತು ರೂಪಾಯಿವರೆಗೆ. ಎಷ್ಟೋ ದಶಕಗಳ ಹಿಂದೆ ಬರೆದ ಅಂಕಿ ಅದು. ಅರವತ್ತು ಸಾವಿರ ಕೊಟ್ಟು ನಾಯಿ ತಂದವನು ಅದನ್ನು ಒಂದು ವರ್ಷ ಕಂಬಕ್ಕೆ ಕಟ್ಟಿದ್ದಕ್ಕೆ ಎರಡು ಲೋಟ ಕಾಫಿಯ ಬೆಲೆ ತೆತ್ತು ಹೊರಬರಬಹುದು. ಆದ್ದರಿಂದ ಕಾನೂನು ಬೆದರಿಕೆಗೆ ಸ್ವಲ್ಪ ಉಪಯೋಗಕ್ಕೆ ಬಂದೀತು, ನಾಯಿಯ ಉಪಯೋಗಕ್ಕೆ ಅಷ್ಟಾಗಿ ಬರುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಹಾಸನದ ಅಕ್ಕ

ಎಲ್ಲರಿಗೂ ಋಣಿಯಾಗಿದ್ದೇನೆ. ಮೂರು ವಾರದ ನಂತರ ಬರೆಯುತ್ತಿದ್ದೇನೆ. ವೈದ್ಯರನ್ನು ಕೇಳಿದಾಗ ಇಮ್ಯುನೊಗ್ಲೋಬ್ಯುಲಿನ್ ಮೊದಲ ದಿನವೇ ಕೊಟ್ಟಿರುವುದು ತಿಳಿದು ಸಮಾಧಾನವಾಯಿತು. ತಾಯಿಯ ಗಾಯ ಒಣಗುತ್ತ ಬಂದಿದೆ.

ನಿಮ್ಮ ಉತ್ತರಗಳನ್ನೆಲ್ಲ ಪ್ರಿಂಟ್ ತೆಗೆಸಿ ತಮ್ಮನ ಕೈಗೆ ಕೊಟ್ಟೆ. ವಕೀಲರ ಐದು ಸಾವಿರದ ಮಾತಿಗೆ ಅವನು ಹುಬ್ಬೇರಿಸಲೂ ಇಲ್ಲ. ಶ್ವಾನದಳದ ಹಿರಿಯರು ಹಾಲಿನವನ ಬಗ್ಗೆ ಬರೆದ ಸಾಲುಗಳ ಹತ್ತಿರ ಬಂದಾಗ ಮಾತ್ರ ನಿಂತು, ಎರಡನೆಯ ಸಲ ಓದಿ, "ಹೌದಲ್ಲ" ಎಂದ. ಮರಿಯನ್ನು ತಂದದ್ದು 38ನೆಯ ದಿನಕ್ಕೆ ಎಂಬುದನ್ನು ಆಗಲೇ ಬಾಯಿಬಿಟ್ಟ. ಮಾರಿದವನು ಹೇಳಿದ ತಾರೀಖನ್ನು ನಂಬಿದರೆ ಅಷ್ಟು. ನೋಂದಣಿಯ ಕಾಗದ ಯಾವುದೂ ಇಲ್ಲ.

ಕೇನ್ ಕೋರ್ಸೊ ಮಾತು ಸದ್ಯಕ್ಕೆ ನಿಂತಿದೆ. ತೋಟದ ಗೆಳೆಯ ತಾನಾಗಿಯೇ ಒಲ್ಲೆನೆಂದ. ಅವರ ಕೂಲಿಯವರ ಲೈನ್ ಮನೆಗಳಿಂದ ಕಳೆದ ಮಳೆಗಾಲದಲ್ಲಿ ಎರಡು ನಾಯಿಗಳನ್ನು ಚಿರತೆ ಒಯ್ದಿದೆಯಂತೆ. ಆರು ತಿಂಗಳು ತಾನೇ ನಡೆಸುತ್ತೇನೆ, ಆಗದಿದ್ದರೆ ಇಂಥ ನಾಯಿಗಳ ಜೊತೆ ಕೆಲಸ ಮಾಡಿ ಗೊತ್ತಿರುವವರಿಗೆ ಒಪ್ಪಿಸುತ್ತೇನೆ ಎಂದು ತಮ್ಮ ತಾಯಿಯ ಮುಂದೆ ಹೇಳಿದ್ದಾನೆ. ಈ ಮೂರು ವಾರದಲ್ಲಿ ಹದಿಮೂರು ದಿನ ಬೆಳಗ್ಗೆ ಎದ್ದು ಹೋಗಿದ್ದಾನೆ, ಎಂಟು ದಿನ ಹೋಗಿಲ್ಲ. ಎಣಿಸಿದವರು ನಮ್ಮ ತಾಯಿ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಗೀಟು ಹಾಕುತ್ತಾರೆ. ತುಳಸಿಕಟ್ಟೆಯನ್ನು ಹಿತ್ತಿಲಿಗೆ ಸಾಗಿಸಿ ಪೋರ್ಟಿಕೊದ ಪಕ್ಕದಲ್ಲೇ ಆವರಣ ಮಾಡೋಣವೆಂದು ತಮ್ಮ ಹೇಳಿದಾಗ, "ತುಳಸಿ ಮೊದಲು ಬಂದದ್ದು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆವರಣ ಹಿತ್ತಿಲಿನಲ್ಲೇ ಆಗುತ್ತಿದೆ. ಮಜಲಿನ ಬುಟ್ಟಿಗೆ ಕಮಾಂಡೊ ತಾನಾಗಿ ಮೂತಿ ಹಾಕಿದ್ದು ಹನ್ನೊಂದನೆಯ ದಿನ. ಮೊಸರನ್ನಕ್ಕೆ ಸ್ವಲ್ಪ ತುಪ್ಪ ಬೆರೆಸಿದ ಮೇಲೆ.

ಶ್ವಾನದಳದ ಹಿರಿಯರಿಗೆ ಒಂದು ಪ್ರಶ್ನೆ ಉಳಿದಿದೆ. ಜಾಲರಿಯ ಎತ್ತರ ಆರು ಅಡಿ ಸಾಕೇ ಎಂದು ವೆಲ್ಡರ್ ಕೇಳುತ್ತಿದ್ದಾನೆ.

ಉತ್ತರ: ಶ್ವಾನದಳದ ನಿವೃತ್ತ

ಸಾಲದು ಅಮ್ಮಾ. ಎಂಟು ಅಡಿ ಮಾಡಿಸಿ, ಮೇಲೂ ಜಾಲರಿ ಮುಚ್ಚಿಸಿ. ಚಿಲಕ ಹೊರಗಡೆ ಇರಲಿ, ಆರು ವರ್ಷದ ಮಗುವಿನ ಕೈಗೆ ಎಟುಕದಷ್ಟು ಮೇಲಕ್ಕೆ.